ನೌಕರನೋ, ಗುತ್ತಿಗೆದಾರನೋ?

ಒಬ್ಬನು ಮತ್ತೊಬ್ಬನ ಕೆಲಸವನ್ನು ಮಾಡಿ ಹಣವನ್ನು ಪಡೆದಾಗ ಆ ಹಣವನ್ನು ಸಂಬಳವೆನ್ನಬೇಕೇ, ವೃತ್ತಿಯ ಶುಲ್ಕವೆನ್ನಬೇಕೇ ಎಂಬುದು ಮೇಲ್ನೋಟಕ್ಕೆ ಬರಿಯ ಶಬ್ದದ ಜಗಳವಾಗಿ ತೋರೀತು. ಆದರೆ ಈ ಒಂದು ಶಬ್ದವನ್ನು ಹಿಡಿದುಕೊಂಡೇ ವರಮಾನ ತೆರಿಗೆಯ ಇಲಾಖೆಯವರು ಆಸ್ಪತ್ರೆಗಳೇ ಮೊದಲಾದ ಸಂಸ್ಥೆಗಳ ಲೆಕ್ಕದ ಪುಸ್ತಕಗಳನ್ನು ತೆರೆಯಿಸಿದ್ದಾರೆ. ವರ್ಷಗಟ್ಟಲೆಯ ವ್ಯಾಜ್ಯಗಳು ಹೈಕೋರ್ಟುಗಳವರೆಗೆ ನಡೆದಿವೆ. ಲಕ್ಷಾಂತರ ರೂಪಾಯಿಗಳ ತೆರಿಗೆಯೂ ಬಡ್ಡಿಯೂ ಇದೇ ಶಬ್ದದ ಮೇಲೆ ನಿಂತಿವೆ. ಇದಕ್ಕಿಂತಲೂ ದೊಡ್ಡ ಮಾತೆಂದರೆ, ಕೆಲಸಮಾಡುವವನ ಮುಪ್ಪಿನ ಕಾಲದ ಗತಿಯೂ ಇದೇ ಶಬ್ದದ ಮೇಲೆ ನಿಂತಿದೆ. ಹೀಗಿರುವಲ್ಲಿ ಈ ಪ್ರಶ್ನೆಯನ್ನು ವಕೀಲರಿಗೂ ಲೆಕ್ಕಪರಿಶೋಧಕರಿಗೂ ಬಿಟ್ಟು ಸುಮ್ಮನಿರುವುದು ಪ್ರಜೆಗಳಿಗೆ ಉಚಿತವಲ್ಲ.

ಮೊದಲು ಶಾಸನದ ಏರ್ಪಾಡನ್ನು ತಿಳಿಯೋಣ. ಹಣವನ್ನು ಕೊಡುವವನೇ ಸರ್ಕಾರದ ಪರವಾಗಿ ತೆರಿಗೆಯನ್ನು ಮುರಿದುಕೊಂಡು ಖಜಾನೆಗೆ ಕಟ್ಟತಕ್ಕದ್ದೆಂಬುದು ನಮ್ಮ ವರಮಾನ ತೆರಿಗೆಯ ಪದ್ಧತಿ. 1961ರ ಕಾಯಿದೆಯಲ್ಲಿ ಸಂಬಳಕ್ಕೆ 192ನೆಯ ಕಲಮು, ಗುತ್ತಿಗೆಯ ಕೆಲಸಕ್ಕೆ 194-ಸಿ, ವೃತ್ತಿಶುಲ್ಕಕ್ಕೆ 194-ಜೆ ಎಂದು ಬೇರೆಬೇರೆ ದಾರಿಗಳನ್ನು ಹಾಕಲಾಗಿತ್ತು. ಸಂಬಳವಾದರೆ ಇಡೀ ವರ್ಷದ ವರಮಾನವನ್ನು ಅಂದಾಜುಮಾಡಿ ಅದಕ್ಕೆ ತಕ್ಕ ದರದಲ್ಲಿ ತಿಂಗಳು ತಿಂಗಳೂ ಮುರಿಯಬೇಕು. ಗುತ್ತಿಗೆಯಾದರೆ ವ್ಯಕ್ತಿಗೆ ನೂರಕ್ಕೆ 1, ಕಂಪೆನಿ ಮೊದಲಾದವರಿಗೆ ನೂರಕ್ಕೆ 2. ವೃತ್ತಿಶುಲ್ಕವಾದರೆ ನೂರಕ್ಕೆ 10. ಪಾರ್ಲಿಮೆಂಟು 2025ರಲ್ಲಿ ಅಂಗೀಕರಿಸಿ 2026ರ ಏಪ್ರಿಲ್ 1ನೆಯ ತಾರೀಖಿನಿಂದ ಜಾರಿಗೆ ಬರತಕ್ಕದ್ದೆಂದು ಗೊತ್ತುಮಾಡಿದ ಹೊಸ ಕಾಯಿದೆಯು 819 ಕಲಮುಗಳ ಸ್ಥಾನದಲ್ಲಿ 536 ಕಲಮುಗಳನ್ನಿಟ್ಟು ಭಾಷೆಯನ್ನು ಸುಲಭಗೊಳಿಸಿತು. ಅದು ಸ್ವಾಗತಾರ್ಹವೇ ಸರಿ. ಆದರೆ ನೌಕರನಾರು, ಸ್ವತಂತ್ರನಾರು ಎಂಬ ಮೂಲಪ್ರಶ್ನೆಗೆ ಅದರಲ್ಲಿಯೂ ಉತ್ತರವನ್ನು ಬರೆಯಲಿಲ್ಲ. ಹಳೆಯ ಗೋಡೆ ಹೊಸ ಸುಣ್ಣದೊಂದಿಗೆ ಹಾಗೆಯೇ ನಿಂತಿದೆ.

ಈ ಗೋಡೆಯ ಆಚೆಗೂ ಈಚೆಗೂ ಇರುವ ವ್ಯತ್ಯಾಸವೆಷ್ಟೆಂಬುದನ್ನು ಒಂದು ಲೆಕ್ಕದಿಂದ ತೋರಿಸುವೆವು. ವರ್ಷಕ್ಕೆ 40 ಲಕ್ಷ ರೂಪಾಯಿ ಪಡೆಯುವ ಒಬ್ಬ ವೈದ್ಯನನ್ನು ತೆಗೆದುಕೊಳ್ಳಿರಿ. ಆತನು ಆಸ್ಪತ್ರೆಯ ನೌಕರನಾದರೆ ಹೊಸ ಪದ್ಧತಿಯಂತೆ 75 ಸಾವಿರ ರೂಪಾಯಿಗಳನ್ನು ಕಳೆದು ಉಳಿದ 39 ಲಕ್ಷ 25 ಸಾವಿರಕ್ಕೆ ತೆರಿಗೆ ತೆರಬೇಕು. 2025-26ನೆಯ ಸಾಲಿನ ದರಗಳಲ್ಲಿ ಅದು ಸೆಸ್ಸು ಸೇರಿ ಸುಮಾರು 7 ಲಕ್ಷ 88 ಸಾವಿರ ರೂಪಾಯಿ. ಅದೇ ವೈದ್ಯನು ಸ್ವತಂತ್ರವೃತ್ತಿಯವನಾದರೆ, 2016ರಲ್ಲಿ ಶಾಸನಕ್ಕೆ ಸೇರಿದ 44-ಎಡಿಎ ಕಲಮಿನ ಸೌಲಭ್ಯದಂತೆ, ಬಂದದ್ದರಲ್ಲಿ ಅರ್ಧವನ್ನು ಲಾಭವೆಂದು ಒಪ್ಪಿಕೊಂಡರೆ ಸಾಕು. ಪುಸ್ತಕಗಳನ್ನಿಟ್ಟು ಖರ್ಚನ್ನು ರುಜುವಾತುಪಡಿಸುವ ತೊಂದರೆಯಿಲ್ಲ. ಆಗ 20 ಲಕ್ಷಕ್ಕೆ ತೆರಿಗೆ 2 ಲಕ್ಷ 8 ಸಾವಿರ ಮಾತ್ರ. ಮನುಷ್ಯನು ಅವನೇ, ರೋಗಿಗಳು ಅವರೇ, ಕೈಗೆ ಬಂದ ಹಣವೂ ಅಷ್ಟೇ. ಹೆಸರು ಬದಲಾದ ಮಾತ್ರಕ್ಕೆ ಖಜಾನೆಗೆ ಸುಮಾರು 5 ಲಕ್ಷ 80 ಸಾವಿರ ರೂಪಾಯಿಗಳ ವ್ಯತ್ಯಾಸ. ಇಂಥಲ್ಲಿ ತೆರಿಗೆಯ ಅಧಿಕಾರಿಗಳು ಕಣ್ಣುಮುಚ್ಚಿಕೊಂಡಿರಬೇಕೆಂದು ನಾವು ಹೇಳಲಾರೆವು. ಕಣ್ಣಿಟ್ಟು ನೋಡುವುದು ಅವರ ಧರ್ಮ.

ಕೆಲಸ ಮಾಡಿಸಿಕೊಳ್ಳುವವರಿಗೂ ಈ ಹೆಸರಿನಲ್ಲಿ ಲಾಭವಿದೆ. ನೌಕರನೆಂದರೆ ಪ್ರಾವಿಡೆಂಟ್ ಫಂಡಿಗೆ ವೇತನದ ನೂರಕ್ಕೆ 12ರಂತೆ ಮಾಲಿಕನ ಪಾಲನ್ನು ಹಾಕಬೇಕು. ಸಣ್ಣ ಸಂಬಳದವನಾದರೆ ಈ.ಎಸ್.ಐ.ಗೆ ನೂರಕ್ಕೆ 3¼ ಕೊಡಬೇಕು. ಗ್ರಾಚ್ಯುಯಿಟಿ, ರಜಾ, ಹೆಂಗಸಾದರೆ 26 ವಾರಗಳ ಹೆರಿಗೆಯ ರಜಾ ಇವೆಲ್ಲವೂ ಬಂದುವು. ಗುತ್ತಿಗೆದಾರನೆಂದರೆ ಇವೊಂದೂ ಇಲ್ಲ. ಬಿಲ್ಲು ಬಂತು, ಹಣ ಹೋಯಿತು, ಸಂಬಂಧ ಮುಗಿಯಿತು. ಹೀಗೆ ದೊಡ್ಡ ವರಮಾನದವರ ವಿಷಯದಲ್ಲಿ ಇಬ್ಬರಿಗೂ ಅನುಕೂಲವಾದ ಹೆಸರು, ಸಣ್ಣ ವರಮಾನದವರ ವಿಷಯದಲ್ಲಿ ಒಬ್ಬರಿಗೆ ಮಾತ್ರ ಅನುಕೂಲವಾಗುವುದೆಂಬುದನ್ನು ವಾಚಕರು ಲಕ್ಷ್ಯದಲ್ಲಿಡಬೇಕು.

ತಿಂಗಳಿಗೆ 50 ಸಾವಿರ ರೂಪಾಯಿಗೆ ಸೇರಿದ ಒಬ್ಬ ತರುಣ ಇಂಜಿನಿಯರನನ್ನು ನೋಡಿರಿ. ಬೆಂಗಳೂರಿನಲ್ಲಿ ಅಂಥವರು ಬೀದಿಗೊಬ್ಬರು ಸಿಕ್ಕುವರು. ಆತನು ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಹೋಗಿ ಹಾಜರಿ ಕೊಡುವನು. ಕಂಪೆನಿಯ ಮೇಜು, ಕಂಪೆನಿಯ ಯಂತ್ರ, ಕಂಪೆನಿಯ ಮೇಲಧಿಕಾರಿ. ಬೇರೆಯವರ ಕೆಲಸವನ್ನು ಹಿಡಿಯಕೂಡದೆಂದು ಕರಾರು. ಆದರೂ ಕಾಗದದಲ್ಲಿ ಆತನು 'ಕನ್ಸಲ್ಟೆಂಟು'. ಆತನ ವರ್ಷದ ವರಮಾನ 6 ಲಕ್ಷ. 2025ರ ಏಪ್ರಿಲಿನಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ವರಮಾನವುಳ್ಳವನಿಗೆ ರಿಯಾಯಿತಿಯ ಮೂಲಕ ತೆರಿಗೆಯೇ ಇಲ್ಲವಾದುದರಿಂದ, ನೌಕರನಾಗಿದ್ದರೆ ಆತನ ಸಂಬಳದಿಂದ ಒಂದು ಕಾಸನ್ನೂ ಮುರಿಯುತ್ತಿರಲಿಲ್ಲ. ವೃತ್ತಿಶುಲ್ಕವೆಂಬ ಹೆಸರಿನಿಂದ ನೂರಕ್ಕೆ 10ರಂತೆ ತಿಂಗಳಿಗೆ 5 ಸಾವಿರ, ವರ್ಷಕ್ಕೆ 60 ಸಾವಿರ ರೂಪಾಯಿ ಮುರಿಯಲ್ಪಡುವುದು. ವರ್ಷ ಕಳೆದ ಮೇಲೆ ಲೆಕ್ಕವನ್ನೊಪ್ಪಿಸಿ, ಕಾದು, ಅದನ್ನು ಹಿಂದಕ್ಕೆ ಪಡೆಯಬೇಕು. ಅತ್ತ ಪ್ರಾವಿಡೆಂಟ್ ಫಂಡೂ ಇಲ್ಲ, ಇತ್ತ ಕೈಗೆ ಪೂರ್ತಿ ಹಣವೂ ಇಲ್ಲ. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲವೆಂಬ ಗಾದೆ ಈ 'ಸ್ವತಂತ್ರ'ನಿಗೆ ಎಷ್ಟು ಚೆನ್ನಾಗಿ ಒಪ್ಪುವುದು!

ಇನ್ನು ಇಲಾಖೆಯವರ ಶೋಧನೆಯು ನಡೆದ ಬಗೆಯನ್ನು ವಿಚಾರಿಸೋಣ. ಆಸ್ಪತ್ರೆಗಳು ತಮ್ಮ ಸಲಹಾವೈದ್ಯರಿಗೆ ಕೊಟ್ಟ ಹಣದಲ್ಲಿ ವೃತ್ತಿಶುಲ್ಕದ ದರದಂತೆ ತೆರಿಗೆ ಮುರಿದಿದ್ದುವು. ಇವರು ವಾಸ್ತವವಾಗಿ ನೌಕರರು, ಸಂಬಳದ ದರದಲ್ಲಿ ಮುರಿಯಬೇಕಾಗಿತ್ತು ಎಂದು ಇಲಾಖೆಯವರು ವಾದಿಸಿ, ಕಡಮೆಯಾದ ತೆರಿಗೆಯನ್ನೂ ಬಡ್ಡಿಯನ್ನೂ ಆಸ್ಪತ್ರೆಗಳ ಮೇಲೆ ಹೊರಿಸಿದರು. 2015ರಲ್ಲಿ ಮಣಿಪಾಲ ಹೆಲ್ತ್ ಸಿಸ್ಟಮ್ಸ್ ಸಂಸ್ಥೆಯ ಮೊಕದ್ದಮೆಯಲ್ಲಿ ಕರ್ನಾಟಕ ಹೈಕೋರ್ಟು ಈ ವಾದವನ್ನು ಒಪ್ಪಲಿಲ್ಲ. ಕರಾರನ್ನು ಇಡಿಯಾಗಿ ಓದಿದಾಗ ಆ ವೈದ್ಯರಿಗೂ ಆಸ್ಪತ್ರೆಗೂ ಇದ್ದದ್ದು ಯಜಮಾನ-ನೌಕರ ಸಂಬಂಧವಲ್ಲವೆಂದು ತೀರ್ಪಾಯಿತು. ಅದೇ ವರ್ಷ ಪುಣೆಯ ಒಂದು ಆಸ್ಪತ್ರೆಯ ವಿಷಯದಲ್ಲಿ ಬೊಂಬಾಯಿ ಹೈಕೋರ್ಟೂ ಇದೇ ಅಭಿಪ್ರಾಯಕ್ಕೆ ಬಂದಿತು.

ಈ ತೀರ್ಪುಗಳು ನ್ಯಾಯವಾದುವೆಂದೇ ನಮ್ಮ ಅಭಿಪ್ರಾಯ. ನುರಿತ ವೈದ್ಯನೊಬ್ಬನು ಆಸ್ಪತ್ರೆಯ ಕೊಠಡಿಯಲ್ಲಿ ಕುಳಿತು, ಆಸ್ಪತ್ರೆಯ ನಿಯಮಗಳನ್ನು ಪಾಲಿಸಿದ ಮಾತ್ರಕ್ಕೆ ಅದರ ಸೇವಕನಾಗಲಾರನು. ವಕೀಲನು ಕೋರ್ಟಿನ ವೇಳೆಯನ್ನು ಪಾಲಿಸುವುದರಿಂದ ಕೋರ್ಟಿನ ಗುಮಾಸ್ತನಾಗುವನೇ? ಚಾಕುವನ್ನು ಎಲ್ಲಿ ಇಡಬೇಕೆಂದು ಶಸ್ತ್ರವೈದ್ಯನಿಗೆ ಹೇಳುವವರಾರು? 2020ರಲ್ಲಿ ಸುಪ್ರೀಂ ಕೋರ್ಟು ಒಬ್ಬ ನೇತ್ರವೈದ್ಯನ ಮರಣಕ್ಕೆ ಸಂಬಂಧಿಸಿದ ವಿಮಾ ವ್ಯಾಜ್ಯದಲ್ಲಿ ಆತನು ಸಂಸ್ಥೆಯ ನೌಕರನಲ್ಲ, ಸ್ವತಂತ್ರ ಕರಾರಿನವನೆಂದು ನಿರ್ಣಯಿಸಿತು. ಆತನು ನೌಕರನಾದುದರಿಂದ ತಮ್ಮ ಹೊಣೆ ಅಲ್ಪವೆಂದು ವಿಮೆಯವರು ಹೂಡಿದ್ದ ವಾದವು ಬಿದ್ದುಹೋಗಿ, ಆತನ ಮನೆಯವರಿಗೆ ಪೂರ್ಣ ಪರಿಹಾರ ಸಿಕ್ಕಿತು. ಸ್ವಾತಂತ್ರ್ಯವು ನಿಜವಾದಾಗ ಅದನ್ನು ಗೌರವಿಸುವುದರಿಂದ ನ್ಯಾಯವೇ ಆಗುವುದೆಂಬುದಕ್ಕೆ ಇದೊಂದು ನಿದರ್ಶನ.

ಆದರೆ ಈ ತೀರ್ಪುಗಳನ್ನು ಹಿಡಿದು, ಕರಾರಿನ ನೆತ್ತಿಯ ಮೇಲೆ 'ಸಲಹೆಗಾರ' ಎಂದು ಬರೆದರೆ ಎಲ್ಲವೂ ತೀರಿತೆಂದು ಮಾಲಿಕರು ತಿಳಿಯುವುದಾದರೆ ಅದು ದೊಡ್ಡ ಭ್ರಮೆ. ನಮ್ಮ ನ್ಯಾಯಸ್ಥಾನಗಳು ಹೆಸರಿನ ಹಿಂದಿರುವ ವಸ್ತುವನ್ನು ನೋಡುತ್ತ ಬಂದು ಎಪ್ಪತ್ತು ವರ್ಷಗಳಾಗುತ್ತ ಬಂದುವು. ಸೌರಾಷ್ಟ್ರದ ಉಪ್ಪಿನ ಗದ್ದೆಗಳಲ್ಲಿ ಅಗರಿಯಾ ಜನರು ಮಣಕ್ಕಿಷ್ಟೆಂದು ಕೂಲಿ ಪಡೆಯುತ್ತಿದ್ದರು. ಹೆಂಡತಿ ಮಕ್ಕಳೊಂದಿಗೆ ದುಡಿಯುತ್ತಿದ್ದರು. ಬೇಕಾದರೆ ಬೇರೆ ಆಳುಗಳನ್ನೂ ಇಟ್ಟುಕೊಳ್ಳುತ್ತಿದ್ದರು. ಅವರಿಗೆ ಹೊತ್ತಿನ ಕಟ್ಟಿರಲಿಲ್ಲ. ಇವರು ಗುತ್ತಿಗೆದಾರರೆಂದು ಕಂಪೆನಿ ಹೇಳಿತು. ಕೆಲಸದ ಪ್ರತಿಯೊಂದು ಹಂತದಲ್ಲಿಯೂ ಕಂಪೆನಿಯ ಮೇಲ್ವಿಚಾರಣೆಯಿರುವುದನ್ನು ಕಂಡು ಸುಪ್ರೀಂ ಕೋರ್ಟು 1956ರಲ್ಲಿ ಅವರು ಕಾರ್ಮಿಕರೇ ಸರಿಯೆಂದಿತು. 1973ರಲ್ಲಿ ದರ್ಜಿಯಂಗಡಿಯೊಂದರಲ್ಲಿ ಅಂಗಡಿಯ ಯಂತ್ರದ ಮೇಲೆ ಕುಳಿತು, ಹೊಲಿದ ಅಂಗಿಗಿಷ್ಟೆಂದು ಹಣ ಪಡೆಯುತ್ತಿದ್ದವರ ವಿಷಯದಲ್ಲಿಯೂ ಹೀಗೆಯೇ ತೀರ್ಪಾಯಿತು. ಹೊಲಿಗೆ ಸರಿಯಿಲ್ಲವೆಂದು ಬಟ್ಟೆಯನ್ನು ಹಿಂದಕ್ಕೆ ಎಸೆಯುವ ಅಧಿಕಾರ ಯಾರಿಗಿದೆಯೋ ಅವನೇ ಯಜಮಾನನೆಂಬುದು ಅದರ ತಾತ್ಪರ್ಯ.

ನಮ್ಮ ನಾಡಿನವರಿಗೆ ಇನ್ನೂ ಹತ್ತಿರದ ಉದಾಹರಣೆ ಬೀಡಿಯದು. ದಕ್ಷಿಣ ಕನ್ನಡದ ಮನೆಮನೆಗಳಲ್ಲಿ ಹೆಂಗಸರು ಎಲೆ ಹೊಗೆಸೊಪ್ಪುಗಳನ್ನು ತಂದು ಬೀಡಿ ಸುತ್ತಿ ಕೊಡುವುದು ಎಲ್ಲರೂ ಬಲ್ಲ ಸಂಗತಿ. ಗುತ್ತಿಗೆ ಹಿಡಿದು ಹೊರಗೆ ಬೀಡಿ ಕಟ್ಟಿಸಿ ತರುವ ಮಧ್ಯಸ್ಥರು ಸ್ವತಂತ್ರರೆಂದು 1958ರಲ್ಲಿ ಒಂದು ತೀರ್ಪಾದ ಮೇಲೆ, ಮಧ್ಯಸ್ಥನ ಹಿಂದೆ ಮಾಲಿಕನು ಅಡಗುವುದು ಸುಲಭವಾಗಿತ್ತು. ಆದ ಕಾರಣ ಪಾರ್ಲಿಮೆಂಟು 1966ರಲ್ಲಿ ಬೀಡಿ ಮತ್ತು ಸಿಗಾರು ಕಾರ್ಮಿಕರ ಕಾಯಿದೆಯನ್ನು ಮಾಡಿ ಮನೆಯಲ್ಲಿ ಸುತ್ತುವವರನ್ನೂ ಕಾರ್ಮಿಕರ ಲೆಕ್ಕಕ್ಕೆ ತಂದಿತು. ಮಂಗಳೂರಿನವರೂ ಸೇರಿ ಬೀಡಿಯ ಮಾಲಿಕರು ಅದನ್ನು ಪ್ರತಿಭಟಿಸಿದರು. 1974ರಲ್ಲಿ ಸುಪ್ರೀಂ ಕೋರ್ಟು ಕಾಯಿದೆಯನ್ನು ಎತ್ತಿಹಿಡಿಯಿತು. 1985ರಲ್ಲಿ ಅವರಿಗೆ ಪ್ರಾವಿಡೆಂಟ್ ಫಂಡೂ ಸಲ್ಲತಕ್ಕದ್ದೆಂದಾಯಿತು. ಅಂದು ಬೀಡಿಯ ಮೊರವನ್ನು ತೊಡೆಯ ಮೇಲಿಟ್ಟುಕೊಂಡವಳಿಗೂ ಇಂದು ಕಂಪ್ಯೂಟರನ್ನು ತೊಡೆಯ ಮೇಲಿಟ್ಟುಕೊಂಡವನಿಗೂ ಪ್ರಶ್ನೆ ಒಂದೇ: ದುಡಿಮೆಯ ಮೇಲೆ ಹಿಡಿತವಾರದು, ನಷ್ಟದ ಭಯವಾರದು, ಹೊರಟುಹೋಗುವ ಸ್ವಾತಂತ್ರ್ಯವಾರದು?

ನಮ್ಮ ಪಂಡಿತರು ಅರ್ಧಕುಕ್ಕುಟೀ ನ್ಯಾಯವೆಂದು ಒಂದನ್ನು ಹೇಳುವರು. ಕೋಳಿಯ ಅರ್ಧ ಶರೀರವು ಅಡಿಗೆಗೆ ಬೇಕು, ಉಳಿದರ್ಧವು ಮೊಟ್ಟೆಯಿಡಲು ಬೇಕು ಎನ್ನುವವನ ಆಸೆ ಅದು. ಆಜ್ಞೆ ಮಾಡುವಾಗ ನೌಕರನಾಗಿರಲಿ, ಹೊಣೆ ಹೊರುವಾಗ ಸ್ವತಂತ್ರನಾಗಿರಲಿ ಎಂದು ಬಯಸುವ ಮಾಲಿಕನು ಮಾಡುವುದು ಇದನ್ನೇ. ಆದರೆ ಸರ್ಕಾರವೂ ಇದೇ ಕೋಳಿಯನ್ನು ಕೊಯ್ಯಹೊರಟಿರುವುದನ್ನು ಕಂಡು ನಾವು ಸುಮ್ಮನಿರಲಾರೆವು. ನೌಕರನು ಯಜಮಾನನಿಗೆ ಮಾಡುವ ಸೇವೆಯು ಸರಕು ಮತ್ತು ಸೇವಾ ತೆರಿಗೆಯಿಂದ ಹೊರಗು. ಸ್ವತಂತ್ರನಾದ ತಾಂತ್ರಿಕ ಸಲಹೆಗಾರನ ವ್ಯವಹಾರವು ವರ್ಷಕ್ಕೆ 20 ಲಕ್ಷವನ್ನು ಮೀರಿದರೆ ಆತನು ಹೆಸರು ನೋಂದಾಯಿಸಿ, ಸಾಮಾನ್ಯವಾಗಿ ನೂರಕ್ಕೆ 18ರಂತೆ ಆ ತೆರಿಗೆಯನ್ನು ವಸೂಲುಮಾಡಿ ಕಟ್ಟಬೇಕು. ಒಂದು ಕಚೇರಿಯವರು ಆತನನ್ನು ವ್ಯಾಪಾರಿಯೆಂದು ಬರೆದುಕೊಂಡು 18 ಪಡೆಯುವರು. ಎದುರಿನ ಕಚೇರಿಯವರು ಬಂದು ಈತನು ವ್ಯಾಪಾರಿಯಲ್ಲ, ನೌಕರನೆಂದು ಯಜಮಾನನಿಂದ ಬಾಕಿಯನ್ನು ಕೇಳುವರು. ಮೂರನೆಯದಾದ ಪ್ರಾವಿಡೆಂಟ್ ಫಂಡಿನ ಕಚೇರಿಯು ತನ್ನದೇ ವಿಚಾರಣೆಯನ್ನು ತನ್ನದೇ ಕಾಲದಲ್ಲಿ ನಡೆಸುವುದು. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎಂಬಂತಾದರೆ ಉಳುವವನು ಹೊಲವನ್ನು ಉಳುವುದೆಂತು?

ಪರದೇಶಗಳಲ್ಲಿ ಇದೇ ಗೊಂದಲವು ಹೇಗೆ ನಡೆಯಿತೆಂಬುದನ್ನು ನೋಡಿದರೆ ನಮಗೆ ಪಾಠವಿದೆ. ಇಂಗ್ಲೆಂಡಿನಲ್ಲಿ ಕೆಲಸಗಾರರು ತಮ್ಮದೇ ಸಣ್ಣ ಕಂಪೆನಿಗಳನ್ನು ಕಟ್ಟಿಕೊಂಡು ಅವುಗಳ ಮೂಲಕ ದುಡಿದು ತೆರಿಗೆಯನ್ನು ಇಳಿಸಿಕೊಳ್ಳುತ್ತಿದ್ದರು. 1999ರಲ್ಲಿ ಅಲ್ಲಿಯ ತೆರಿಗೆಯ ಇಲಾಖೆಯು ಹೊರಡಿಸಿದ ಒಂದು ಪ್ರಕಟಣೆಯ ಅಂಕಿಯಿಂದ 'ಐ.ಆರ್. 35' ಎಂದು ಹೆಸರಾದ ನಿಯಮವು 2000ದ ಏಪ್ರಿಲಿನಿಂದ ಜಾರಿಗೆ ಬಂದಿತು. ಕಂಪೆನಿಯ ಮುಸುಕನ್ನು ತೆಗೆದು ನೋಡಿದರೆ ನೌಕರನೇ ಆಗಿರುವವನು ನೌಕರನಂತೆಯೇ ತೆರಿಗೆ ಕಟ್ಟತಕ್ಕದ್ದೆಂಬುದು ಅದರ ಸಾರ. ಮೊದಲು ಈ ನಿರ್ಣಯವನ್ನು ಕೆಲಸಗಾರನ ಕಡೆಗೇ ಬಿಟ್ಟಿದ್ದರು. ಅದು ಫಲಿಸದಿರಲು 2017ರಲ್ಲಿ ಸರ್ಕಾರಿ ಸಂಸ್ಥೆಗಳ ಮೇಲೂ, 2021ರಲ್ಲಿ ಮಧ್ಯಮ ಮತ್ತು ದೊಡ್ಡ ಖಾಸಗಿ ಕಂಪೆನಿಗಳ ಮೇಲೂ ಹೊಣೆಯನ್ನು ಹೊರಿಸಿದರು. ಪರಿಣಾಮವೇನಾಯಿತು? ಒಬ್ಬೊಬ್ಬನ ಕರಾರನ್ನೂ ಪರೀಕ್ಷಿಸುವ ಗೋಜೇ ಬೇಡವೆಂದು ಹಲವು ದೊಡ್ಡ ಬ್ಯಾಂಕುಗಳು ಇಂಥ ಸ್ವತಂತ್ರರಿಗೆಲ್ಲ ಬಾಗಿಲನ್ನೇ ಮುಚ್ಚಿದುವು. 2022ರ ಸೆಪ್ಟೆಂಬರಿನಲ್ಲಿ ಈ ಹೊಣೆಯ ನಿಯಮಗಳನ್ನು ರದ್ದುಮಾಡುವುದಾಗಿ ಸಾರಿದರು. ಅಕ್ಟೋಬರಿನಲ್ಲಿಯೇ ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡರು. ಇದಕ್ಕಿಂತ ದೊಡ್ಡ ಕುಂದು ಇನ್ನೊಂದಿದೆ. ಈ ನಿಯಮದಿಂದ ತೆರಿಗೆಯ ಮಟ್ಟಿಗೆ ನೌಕರನಾದವನಿಗೆ ಅದರಿಂದಲೇ ರಜೆಯಾಗಲಿ ಕೆಲಸದ ಭದ್ರತೆಯಾಗಲಿ ದೊರೆಯಲಿಲ್ಲ. ಭಾರವನ್ನು ಹೊರಲು ನೌಕರ, ಹಕ್ಕನ್ನು ಕೇಳಲು ಪರಕೀಯ!

ಅಮೆರಿಕೆಯಲ್ಲಿ ನಡೆದುದು ಬೇರೆ ರೀತಿ. ಮೈಕ್ರೋಸಾಫ್ಟ್ ಕಂಪೆನಿಯು ಸ್ವತಂತ್ರರೆಂದು ಹೆಸರಿಟ್ಟು ವರ್ಷಗಟ್ಟಲೆ ದುಡಿಸಿಕೊಂಡವರ ಲೆಕ್ಕವನ್ನು ಅಲ್ಲಿಯ ತೆರಿಗೆಯ ಇಲಾಖೆಯವರು 1989-90ರ ಸುಮಾರಿನಲ್ಲಿ ಪರೀಕ್ಷಿಸಿ, ಇವರು ನೌಕರರೇ ಎಂದರು. ಕಂಪೆನಿಯು ತೆರಿಗೆಯ ಮಟ್ಟಿಗೆ ಅದನ್ನು ಒಪ್ಪಿಕೊಂಡಿತು. ಆಗ ಆ ಕೆಲಸಗಾರರು, ತೆರಿಗೆಗೆ ನಾವು ನೌಕರರಾದರೆ ನೌಕರರಿಗೆ ಸಲ್ಲುವ ಷೇರು ಮತ್ತು ಉಳಿತಾಯದ ಸೌಲಭ್ಯಗಳೂ ನಮಗೆ ಸಲ್ಲಬೇಕಷ್ಟೆ ಎಂದು ನ್ಯಾಯಾಲಯಕ್ಕೆ ಹೋದರು. ಮೇಲ್ಮನವಿಯ ನ್ಯಾಯಾಲಯವು ಅವರ ಪಕ್ಷವನ್ನು ಎತ್ತಿಹಿಡಿಯಿತು. 2000ದಲ್ಲಿ ಸುಮಾರು 9 ಕೋಟಿ 70 ಲಕ್ಷ ಡಾಲರುಗಳಿಗೆ ರಾಜಿಯಾಯಿತು. ತೆರಿಗೆಯ ಅಧಿಕಾರಿಯು ಬೆಳಗಿದ ದೀಪವು ಖಜಾನೆಯ ಬಾಗಿಲಿಗೆ ಮಾತ್ರವಲ್ಲದೆ ದುಡಿಯುವವನ ಮನೆಗೂ ಬೆಳಕನ್ನು ಕೊಟ್ಟಿತು. ಈ ಎರಡು ದಾರಿಗಳಲ್ಲಿ ಯಾವುದು ನಮಗೆ ಮೇಲ್ಪಂಕ್ತಿಯಾಗಬೇಕೆಂಬುದನ್ನು ಹೇಳಬೇಕಾಗಿಲ್ಲ.

ಪರರ ಲೆಕ್ಕವನ್ನು ತಪಾಸಣೆಮಾಡುವ ಸರ್ಕಾರವು ತನ್ನ ಮನೆಯ ಕಡೆಗೂ ನೋಡಿಕೊಳ್ಳಬೇಕಲ್ಲವೇ? ಕೇಂದ್ರ ಜಲ ಆಯೋಗದಲ್ಲಿ ಕಸಗುಡಿಸುವುದೇ ಮೊದಲಾದ ಕೆಲಸಗಳನ್ನು ವರ್ಷಾನುವರ್ಷ ಮಾಡಿದವರನ್ನು ತಾತ್ಕಾಲಿಕರೆಂದು ಹೇಳಿ ತೆಗೆದುಹಾಕಿದುದು ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2024ರ ಡಿಸೆಂಬರಿನಲ್ಲಿ ಕೋರ್ಟು ಅವರನ್ನು ಖಾಯಂ ಮಾಡಬೇಕೆಂದು ಆಜ್ಞಾಪಿಸಿ, ಸರ್ಕಾರವೇ ಇಂಥ ಹೆಸರುಗಳ ಮರೆಯಲ್ಲಿ ದೀರ್ಘಕಾಲ ದುಡಿಸಿಕೊಳ್ಳುವ ಪದ್ಧತಿಯನ್ನು ಕಠಿಣವಾಗಿ ಟೀಕಿಸಿತು. ಮೇಲೆ ಹೇಳಿದ ಮೈಕ್ರೋಸಾಫ್ಟ್ ಮೊಕದ್ದಮೆಯನ್ನೂ ಅಲ್ಲಿ ಉದಾಹರಿಸಿತು. ನಮ್ಮ ರಾಜ್ಯದ ಸರ್ಕಾರಿ ಕಾಲೇಜುಗಳಲ್ಲಿ 'ಅತಿಥಿ'ಗಳೆನ್ನಿಸಿಕೊಂಡು ವರ್ಷವರ್ಷವೂ ಪಾಠ ಹೇಳುವ ಉಪನ್ಯಾಸಕರನ್ನು ಯಾರು ತಾನೇ ಕಾಣರು? ಹತ್ತು ವರ್ಷ ಮನೆಯಲ್ಲಿದ್ದು ಗೆಯ್ಯುವವನನ್ನು ಅತಿಥಿಯೆನ್ನುವುದು ಯಾವ ಊರಿನ ಆತಿಥ್ಯ? ಸರ್ಕಾರವು ಮೊದಲು ತನ್ನ ಹಾಜರಿ ಪುಸ್ತಕವನ್ನು ಸರಿಮಾಡಿಕೊಂಡರೆ ಖಾಸಗಿಯವರಿಗೆ ಬುದ್ಧಿ ಹೇಳುವ ಯೋಗ್ಯತೆ ಬರುವುದು.

ಒಂದು ವಿಷಯದಲ್ಲಿ ಕರ್ನಾಟಕವು ಮುಂದೆ ಹೆಜ್ಜೆಯಿಟ್ಟಿದೆಯೆಂದು ಸಂತೋಷದಿಂದ ಬರೆಯುವೆವು. ಮೋಟಾರು ಸೈಕಲ್ಲಿನ ಮೇಲೆ ಊಟ ಸಾಮಾನುಗಳನ್ನು ಮನೆಮನೆಗೆ ಮುಟ್ಟಿಸುವವರೂ ಬಾಡಿಗೆಯ ಕಾರನ್ನು ನಡೆಸುವವರೂ ನೌಕರರೋ ಸ್ವತಂತ್ರರೋ ಎಂಬ ವಾದವು ಮುಗಿಯುವವರೆಗೆ ಕಾಯದೆ, 2025ರಲ್ಲಿ ರಾಜ್ಯದ ಶಾಸನಸಭೆಯು ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಯ ಕಾಯಿದೆಯನ್ನು ಅಂಗೀಕರಿಸಿತು. ಕೆಲಸಗಾರನಿಗೆ ಕೊಡುವ ಪ್ರತಿಯೊಂದು ಪಾವತಿಯ ಮೇಲೂ ನೂರಕ್ಕೆ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪೆನಿಯಿಂದ ಪಡೆದು ನಿಧಿಯಲ್ಲಿಡುವುದು ಅದರ ಏರ್ಪಾಡು. ಕೇಂದ್ರದ 2020ರ ಸಾಮಾಜಿಕ ಭದ್ರತಾ ಸಂಹಿತೆಯೂ 2025ರ ನವೆಂಬರ್ 21ರಂದು ಜಾರಿಗೆ ಬಂದಿದ್ದು, ಅದರಲ್ಲಿ ಇಂಥ ಕಂಪೆನಿಗಳು ವಾರ್ಷಿಕ ವಹಿವಾಟಿನ ನೂರಕ್ಕೆ 1ರಿಂದ 2ರವರೆಗೆ, ಕೆಲಸಗಾರರಿಗೆ ಕೊಟ್ಟುದರ ನೂರಕ್ಕೆ 5ನ್ನು ಮೀರದಂತೆ, ವಂತಿಗೆ ಕೊಡತಕ್ಕದ್ದೆಂದಿದೆ. ಹೆಸರೇನಿದ್ದರೂ ದುಡಿದವನಿಗೆ ಒಂದಷ್ಟು ನೆರಳಿರಲಿ ಎಂಬ ಈ ತತ್ತ್ವವು ಸರಿಯಾದುದು. ಆದರೆ ಇದು ಒಂದು ಬಗೆಯ ಕಂಪೆನಿಗಳಿಗೆ ಮಾತ್ರ ಸಲ್ಲುವುದು. ಮೇಲೆ ಹೇಳಿದ ಆ ತರುಣ ಇಂಜಿನಿಯರನು ಇನ್ನೂ ಬಿಸಿಲಿನಲ್ಲಿಯೇ ಇದ್ದಾನೆ.

ಆದ ಕಾರಣ ನಾವು ಸರ್ಕಾರದವರ ಮುಂದೆ ನಾಲ್ಕು ಸೂಚನೆಗಳನ್ನಿಡುವೆವು. ಮೊದಲನೆಯದು, ಒಬ್ಬನು ನೌಕರನೋ ಅಲ್ಲವೋ ಎಂಬ ಪ್ರಶ್ನೆಗೆ ಒಂದು ಸಲ ಉತ್ತರ ಸಿಕ್ಕಿದರೆ ಆ ಉತ್ತರವು ವರಮಾನ ತೆರಿಗೆ, ಸೇವಾ ತೆರಿಗೆ, ಪ್ರಾವಿಡೆಂಟ್ ಫಂಡು ಈ ಮೂರು ಕಚೇರಿಗಳನ್ನೂ ಕಟ್ಟಬೇಕು. ಸಂಬಳವೆಂದು ತೆರಿಗೆ ಪಡೆದ ಸರ್ಕಾರವು ಸಂಬಳಗಾರನಿಗೆ ಸಲ್ಲುವುದನ್ನು ಸಲ್ಲಿಸಿಕೊಡಲೂ ಬಾಧ್ಯವಾಗಬೇಕು. ಕಟ್ಟಿದ ಸೇವಾ ತೆರಿಗೆಯನ್ನು ಕೇಳದೆಯೇ ಹಿಂದಿರುಗಿಸಬೇಕು. ಇಲಾಖೆಗಳು ಬೇರೆಯಾದರೂ ಸರ್ಕಾರವು ಒಂದೇ ಎಂಬುದು ಪ್ರಜೆಗಳ ತಿಳಿವಳಿಕೆ. ಸರ್ಕಾರಕ್ಕೂ ಆ ತಿಳಿವಳಿಕೆಯಿರಲಿ.

ಎರಡನೆಯದು, ಕರಾರು ಮಾಡಿಕೊಳ್ಳುವ ಮೊದಲೇ ಇಲಾಖೆಯ ಅಭಿಪ್ರಾಯವನ್ನು ಪಡೆಯುವ ಸುಲಭವಾದ ಮಾರ್ಗವಿರಬೇಕು. ಮುಂಗಡ ನಿರ್ಣಯದ ಮಂಡಲಿಗೆ ತನ್ನ ತೆರಿಗೆಯ ಹೊಣೆಯನ್ನು ಕೇಳಹೋಗುವ ಭಾರತವಾಸಿಯ ವ್ಯವಹಾರವು 100 ಕೋಟಿ ರೂಪಾಯಿಗೆ ಕಡಮೆಯಿರಕೂಡದೆಂದು ನಿಯಮ ಮಾಡಲಾಗಿದೆ. ಹುಬ್ಬಳ್ಳಿಯ ಒಂದು ನರ್ಸಿಂಗ್ ಹೋಮಿನವರಿಗೆ, ತುಮಕೂರಿನ ಒಂದು ಕಾರ್ಖಾನೆಯವರಿಗೆ ಅದು ಗಗನಕುಸುಮ. ಅಲ್ಪ ಶುಲ್ಕಕ್ಕೆ, ಗೊತ್ತಾದ ಅವಧಿಯೊಳಗೆ, ಜಿಲ್ಲೆಯ ಮಟ್ಟದಲ್ಲಿಯೇ ಉತ್ತರ ಕೊಡುವ ಏರ್ಪಾಡಾದರೆ ಅರ್ಧ ವ್ಯಾಜ್ಯಗಳು ಹುಟ್ಟುವುದೇ ಇಲ್ಲ.

ಮೂರನೆಯದು, ಪ್ರಾಮಾಣಿಕವಾದ ಅಭಿಪ್ರಾಯಭೇದವನ್ನೂ ಕಪಟವನ್ನೂ ಒಂದೇ ಕೋಲಿನಿಂದ ಹೊಡೆಯಬಾರದು. ಹಣ ಪಡೆದವನೇ ತನ್ನ ತೆರಿಗೆಯನ್ನು ಕಟ್ಟಿದ್ದರೆ ಕೊಟ್ಟವನಿಂದ ಅದೇ ತೆರಿಗೆಯನ್ನು ಮತ್ತೆ ವಸೂಲುಮಾಡಕೂಡದೆಂದು ಸುಪ್ರೀಂ ಕೋರ್ಟು 2007ರಲ್ಲಿಯೇ ಹೇಳಿತು. 2012ರಲ್ಲಿ ಶಾಸನಕ್ಕೂ ಅದು ಸೇರಿತು. ಆದರೂ ಬಡ್ಡಿಯ ಬಾಬು ಉಳಿದಿದೆ. ಹೈಕೋರ್ಟುಗಳೇ ಒಪ್ಪಿದ ಮಾದರಿಯಲ್ಲಿ ಕರಾರು ಮಾಡಿಕೊಂಡವನಿಗೆ ಬಡ್ಡಿಯ ದಂಡವೇಕೆ? ಹಾಜರಿ, ಅಪ್ಪಣೆ, ರಜಾಚೀಟಿ ಎಲ್ಲವನ್ನೂ ನೌಕರನಂತೆಯೇ ನಡೆಯಿಸಿ, ಕಾಗದದಲ್ಲಿ ಮಾತ್ರ ಸ್ವತಂತ್ರನೆಂದವನನ್ನು ಬಿಡುವುದೇಕೆ? ಈಗ ಪ್ರತಿಯೊಬ್ಬನಿಗೂ ಯಾರು ಎಷ್ಟು ಕೊಟ್ಟರೆಂಬ ವಾರ್ಷಿಕ ವಿವರಪಟ್ಟಿಯು ಇಲಾಖೆಯ ಯಂತ್ರಗಳಲ್ಲಿ ಸಿದ್ಧವಾಗಿರುವುದು. ಕೊಡುವವನೊಬ್ಬನೇ, ತಿಂಗಳು ತಿಂಗಳೂ ಮೊತ್ತವೊಂದೇ, ವರ್ಷಗಟ್ಟಲೆ ಬೇರೆ ಗಿರಾಕಿಯೇ ಇಲ್ಲ ಎಂಬಲ್ಲಿ ಸಂಶಯಪಡಲು ಕಾರಣವಿದೆ. ಶೋಧನೆಯು ಅಲ್ಲಿಂದ ಆರಂಭವಾಗಲಿ. ಆದರೆ ಯಂತ್ರದ ಸಂಶಯವೇ ತೀರ್ಪಾಗದಿರಲಿ.

ನಾಲ್ಕನೆಯದು, ತನಿಖೆಯು ಮಾಲಿಕನಿಂದ ಹೊರಡಲಿ, ಕೆಲಸಗಾರನಿಂದಲ್ಲ. ಕರಾರನ್ನು ಬರೆದವನು ಮಾಲಿಕನು. ರುಜು ಹಾಕಿದವನು ಕೆಲಸ ಬೇಕಾದವನು. ಬರೆದವನ ಚಾತುರ್ಯಕ್ಕೆ ರುಜು ಹಾಕಿದವನು ದಂಡ ತೆರುವುದು ಧರ್ಮವಲ್ಲ.

ನಮ್ಮ ವ್ಯಾಪಾರಿಗಳಿಗೂ ವೃತ್ತಿಯವರಿಗೂ ಒಂದು ಮಾತು. ಸ್ವತಂತ್ರವೃತ್ತಿಯು ಗೌರವದ ವಸ್ತು. ತನ್ನ ವಿದ್ಯೆಯನ್ನೂ ಉಪಕರಣವನ್ನೂ ನಂಬಿ, ಹತ್ತು ಬಾಗಿಲುಗಳಲ್ಲಿ ಕೆಲಸ ಹಿಡಿದು, ನಷ್ಟವಾದರೆ ತಾನೇ ಹೊತ್ತು ಬದುಕುವವನು ನಾಡಿನ ಆಸ್ತಿ. ಅಂಥವನ ಹೆಸರನ್ನು ಎರವಲು ತಂದು ತೆರಿಗೆ ತಪ್ಪಿಸಿಕೊಳ್ಳುವವರೂ, ನೌಕರರ ಹಣವನ್ನು ಉಳಿಸಿಕೊಳ್ಳುವವರೂ ಮೊದಲು ಕೇಡು ಮಾಡುವುದು ಅವನಿಗೇ. ಏಕೆಂದರೆ ಕಳ್ಳನಾಣ್ಯವು ಹೆಚ್ಚಿದ ಸಂತೆಯಲ್ಲಿ ಒಳ್ಳೆಯ ನಾಣ್ಯವನ್ನೂ ಕಲ್ಲಿಗೆ ಕುಟ್ಟಿ ನೋಡುವರು. ಕರಾರು ಬರೆಯುವಾಗಲೇ ವಸ್ತುವಿಗೆ ತಕ್ಕ ಹೆಸರನ್ನಿಡಿರಿ. ಆಮೇಲೆ ಯಾವ ಅಧಿಕಾರಿಯ ಭಯವೂ ಇರುವುದಿಲ್ಲ.

ಅಧಿಕಾರಿಗಳಿಗೂ ನಮ್ಮ ವಿನಂತಿಯಿದೆ. ತೆರಿಗೆಯ ಕಾಯಿದೆಯನ್ನು ಕೈಯಲ್ಲಿ ಹಿಡಿದು ಬಾಗಿಲು ತಟ್ಟುವಾಗ, ಒಳಗೆ ಕುಳಿತು ಕೆಲಸಮಾಡುತ್ತಿರುವವನನ್ನು ಬರಿಯ ಲೆಕ್ಕದ ಬಾಬೆಂದೆಣಿಸದಿರಿ. ಆತನಿಂದ ಸರ್ಕಾರಕ್ಕೆ ಬರಬೇಕಾದುದೇನೆಂದು ಕೇಳುವ ಲೇಖನಿಯಿಂದಲೇ, ಆತನಿಗೆ ಬರಬೇಕಾದುದು ಬಂದಿದೆಯೇ ಎಂಬುದನ್ನೂ ಬರೆದು ಸಂಬಂಧಪಟ್ಟ ಕಚೇರಿಗೆ ಕಳುಹಿಸಿರಿ. ಅಷ್ಟು ಮಾಡಿದಲ್ಲಿ ಈ ಶೋಧನೆಯನ್ನು ಜನರು ಉಪದ್ರವವೆನ್ನದೆ ನ್ಯಾಯವೆನ್ನುವರು.